ನೀಲಗಿರಿಯ ತೋಡರು: ನೆಲ, ಎಮ್ಮೆ ಮತ್ತು ಬದುಕು

ನಮ್ಮ ದೇಶದ ಗಿರಿಜನ ಸಮುದಾಯಗಳಲ್ಲಿ ಸಂಖ್ಯೆಯ ದೃಷ್ಟಿಯಿಂದ ಅತ್ಯಂತ ಚಿಕ್ಕದಾದರೂ ವಿದ್ವಾಂಸರ ಗಮನವನ್ನು ಅತಿ ಹೆಚ್ಚಾಗಿ ಸೆಳೆದಿರುವ ಸಮುದಾಯಗಳಲ್ಲಿ ನೀಲಗಿರಿಯ ತೋಡರೂ ಒಬ್ಬರು. 2011ರ ಜನಗಣತಿಯ ಪ್ರಕಾರ ಇವರ ಸಂಖ್ಯೆ ಸುಮಾರು ಎರಡು ಸಾವಿರ. ತಮಿಳುನಾಡಿನ ನೀಲಗಿರಿ ಜಿಲ್ಲೆಯ ಮೇಲ್ಭಾಗದ ಪ್ರಸ್ಥಭೂಮಿಯೇ ಇವರ ನೆಲೆ. ಪ್ರತಿ ವರ್ಷ ಲಕ್ಷಾಂತರ ಪ್ರವಾಸಿಗಳು ಉದಕಮಂಡಲಕ್ಕೆ, ಅಂದರೆ ಊಟಿಗೆ ಭೇಟಿ ನೀಡುತ್ತಾರೆ. ಅವರಲ್ಲಿ ಬೆಂಗಳೂರು, ಮೈಸೂರು, ಚೆನ್ನೈ, ಹೈದರಾಬಾದುಗಳಿಂದ ಬರುವ ಕನ್ನಡಿಗರೂ ಅಸಂಖ್ಯ. ಆದರೆ ಆ ಪಟ್ಟಣ ತಲೆಯೆತ್ತಿ ನಿಂತಿರುವ ಭೂಮಿ ಒಂದು ಕಾಲದಲ್ಲಿ ಯಾರ ಗೋಮಾಳವಾಗಿತ್ತು, ಅವರು ಇಂದು ಎಲ್ಲಿದ್ದಾರೆ, ಹೇಗಿದ್ದಾರೆ ಎಂಬುದನ್ನು ಅರಿತವರು ವಿರಳ. ಈ ಸಮುದಾಯದ ನೆಲ, ಇತಿಹಾಸ ಹಾಗೂ ಇಂದಿನ ಸ್ಥಿತಿಗತಿಗಳನ್ನು ಸ್ಥೂಲವಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ನೆಲದ ಸ್ವರೂಪ

ಪೂರ್ವ ಘಟ್ಟಗಳೂ ಪಶ್ಚಿಮ ಘಟ್ಟಗಳೂ ಒಂದುಗೂಡುವ ಸ್ಥಳದಲ್ಲಿ ನೀಲಗಿರಿ ಪರ್ವತ ಸಮೂಹವಿದೆ. ಸುತ್ತಲಿನ ಬಯಲುಸೀಮೆಯಿಂದ ಥಟ್ಟನೆ ಮೇಲೇಳುವ ಈ ಪರ್ವತದ ನೆತ್ತಿಯ ಮೇಲೆ ಸಮುದ್ರಮಟ್ಟದಿಂದ ಸುಮಾರು 1,800 ಮೀಟರಿನಿಂದ 2,500 ಮೀಟರಿನವರೆಗೆ ಎತ್ತರವಿರುವ, ಅಲೆಯಲೆಯಾಗಿ ಹಬ್ಬಿದ ಪ್ರಸ್ಥಭೂಮಿ ಇದೆ. ಇಲ್ಲಿನ ಅತ್ಯುನ್ನತ ಶಿಖರ ದೊಡ್ಡಬೆಟ್ಟ. ಅದರ ಎತ್ತರ 2,637 ಮೀಟರು. ಈ ಹೆಸರು ಕನ್ನಡಿಗರಿಗೆ ವಿವರಣೆಯಿಲ್ಲದೆಯೇ ಅರ್ಥವಾಗುತ್ತದೆ. ಪಶ್ಚಿಮದ ಅಂಚಿನಲ್ಲಿರುವ ಮುಕುರ್ತಿ ಶಿಖರದ ಎತ್ತರ 2,554 ಮೀಟರು.

ಈ ಎತ್ತರದಲ್ಲಿ ಪ್ರಕೃತಿ ಒಂದು ವಿಶಿಷ್ಟ ವಿನ್ಯಾಸವನ್ನು ರೂಪಿಸಿದೆ. ಗುಡ್ಡಗಳ ಇಳಿಜಾರೆಲ್ಲ ಹುಲ್ಲುಗಾವಲು. ಗುಡ್ಡಗಳ ನಡುವಿನ ತೇವಭರಿತ ಮಡಿಕೆಗಳಲ್ಲಿ ಮಾತ್ರ ದಟ್ಟವಾದ, ಕುಳ್ಳಗಿನ ನಿತ್ಯಹಸುರಿನ ಕಾಡು. ಈ ಕಾಡಿನ ತುಣುಕುಗಳನ್ನು ಶೋಲಾ ಎಂದು ಕರೆಯುತ್ತಾರೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ರಾತ್ರಿಯ ವೇಳೆ ಬಯಲಿನ ಮೇಲೆ ಹಿಮ ಹೆಪ್ಪುಗಟ್ಟುತ್ತದೆ. ಬಯಲಿನಲ್ಲಿ ಮೊಳೆತ ಶೋಲಾ ಮರಗಳ ಎಳೆಯ ಸಸಿಗಳು ಈ ಹಿಮಕ್ಕೆ ಸಿಕ್ಕಿ ಸುಟ್ಟುಹೋಗುತ್ತವೆ. ಹುಲ್ಲು ಮಾತ್ರ ಮತ್ತೆ ಚಿಗುರುತ್ತದೆ. ಕಾಡಿಗೂ ಹುಲ್ಲಿಗೂ ನಡುವಣ ಗಡಿ ಸಹಸ್ರಾರು ವರ್ಷಗಳಿಂದ ಉಳಿದುಬಂದಿರುವುದಕ್ಕೆ ಹಿಮ, ಬೆಂಕಿ ಹಾಗೂ ಮೇಯುವ ಪ್ರಾಣಿಗಳು ಒಟ್ಟಾಗಿ ಕಾರಣವೆಂದು ಸಸ್ಯವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ. ಹನ್ನೆರಡು ವರ್ಷಗಳಿಗೊಮ್ಮೆ ಹೂಬಿಟ್ಟು ಬೆಟ್ಟವನ್ನು ನೀಲಿಯಾಗಿಸುವ ಕುರಿಂಜಿ ಬೆಳೆಯುವುದೂ ಇದೇ ಹುಲ್ಲುಗಾವಲಿನ ನಡುವೆ.

ಮಳೆಗಾಲದಲ್ಲಿ ಬಿದ್ದ ನೀರನ್ನು ಈ ಹುಲ್ಲುಗಾವಲು ಹಾಗೂ ಅದರ ತಗ್ಗುಗಳಲ್ಲಿರುವ ಜೌಗು ಭೂಮಿ ಹೀರಿಕೊಂಡು, ಬೇಸಗೆಯ ಉದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಹೊರಗೆ ಬಿಡುತ್ತವೆ. ಪೈಕಾರ, ಕುಂದಾ ಮೊದಲಾದ ಹೊಳೆಗಳು ಹುಟ್ಟುವುದು ಹೀಗೆ. ಪೈಕಾರ ಹೊಳೆ ಕೆಳಗಿಳಿದು ಮೋಯಾರ್ ಎನಿಸಿ, ಭವಾನಿಯನ್ನು ಕೂಡಿಕೊಂಡು, ಕೊನೆಗೆ ಕಾವೇರಿಯನ್ನು ಸೇರುತ್ತದೆ. ಆದ್ದರಿಂದ ಈ ಬೆಟ್ಟದ ಮೇಲಿನ ಹುಲ್ಲಿನ ಪ್ರಶ್ನೆ ಕೇವಲ ಬೆಟ್ಟದವರ ಪ್ರಶ್ನೆಯಲ್ಲ. ಕೆಳಗಿನ ಬಯಲಿನ ರೈತರ ಪ್ರಶ್ನೆಯೂ ಹೌದು.

ಕನ್ನಡ ಶಾಸನದಲ್ಲಿ ತೋಡರು

ತೋಡರಿಗೆ ಸ್ವಂತ ಲಿಪಿಯಿಲ್ಲ. ಅವರ ಪ್ರಾಚೀನ ಇತಿಹಾಸ ಅವರ ಹಾಡುಗಳಲ್ಲಿ ಹಾಗೂ ಐತಿಹ್ಯಗಳಲ್ಲಿ ಅಡಗಿದೆ. ಆದರೆ ಅವರ ಬಗ್ಗೆ ದೊರೆತಿರುವ ಮೊಟ್ಟಮೊದಲ ಲಿಖಿತ ಉಲ್ಲೇಖ ಕರ್ನಾಟಕದಲ್ಲಿದೆ ಎಂಬುದು ಕನ್ನಡ ಓದುಗರಿಗೆ ಕುತೂಹಲಕರ ಸಂಗತಿ. ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ಕ್ರಿ.ಶ. 1117ರಲ್ಲಿ ಇಂದಿನ ಚಾಮರಾಜನಗರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅಲ್ಲಿನ ಶಾಸನವು ಅವನ ದಿಗ್ವಿಜಯಗಳನ್ನು ವರ್ಣಿಸುವಾಗ ಅವನು ತೋಡರನ್ನು ಬೆದರಿಸಿದುದನ್ನೂ ನೀಲಗಿರಿಯನ್ನು ವಶಪಡಿಸಿಕೊಂಡುದನ್ನೂ ಹೇಳುತ್ತದೆ. ಒಂಬೈನೂರು ವರ್ಷಗಳ ಹಿಂದೆಯೇ ತೋಡರು ಆ ಬೆಟ್ಟದ ನಿವಾಸಿಗಳಾಗಿದ್ದರು, ಆ ಬೆಟ್ಟಕ್ಕೆ ನೀಲಗಿರಿ ಎಂಬ ಹೆಸರಿತ್ತು ಎಂಬ ಎರಡೂ ಅಂಶಗಳು ಇದರಿಂದ ಖಚಿತವಾಗುತ್ತವೆ. ರೋಮನರಿಂದಲೋ ಸುಮೇರಿಯನರಿಂದಲೋ ಇವರು ಬಂದವರೆಂದು ಹಿಂದೆ ಕೆಲವು ಲೇಖಕರು ಕಟ್ಟಿದ ಕಲ್ಪನೆಗಳಿಗೆ ಆಧಾರವಿಲ್ಲ. ಇವರ ಭಾಷೆ ಇವರನ್ನು ದಕ್ಷಿಣ ಭಾರತದ ನೆಲದವರೆಂದೇ ಸಾರುತ್ತದೆ.

ಇದಾದ ಬಳಿಕ ಸುಮಾರು ಐದು ಶತಮಾನಗಳ ನಂತರ, 1603ರಲ್ಲಿ, ಮಲಬಾರಿನಲ್ಲಿದ್ದ ಇಟಲಿಯ ಜೆಸ್ಯುಯಿಟ್ ಪಾದ್ರಿ ಜಾಕೊಮೊ ಫೆನಿಚಿಯೊ ಬೆಟ್ಟವೇರಿ ಬಂದು ತೋಡರನ್ನು ಕಂಡನು. ಮರೆತುಹೋದ ಕ್ರೈಸ್ತರು ಅಲ್ಲಿ ಇರಬಹುದೆಂಬ ನಿರೀಕ್ಷೆಯಿಂದ ಹೋದ ಅವನಿಗೆ ದೊರೆತವರು ಎಮ್ಮೆಗಳನ್ನು ಕಾಯುವ, ಹಾಲುಮನೆಯನ್ನೇ ದೇಗುಲವೆಂದು ಭಾವಿಸುವ ಜನ.

ನೆರೆಹೊರೆಯವರು

ತೋಡರು ಬೆಟ್ಟದ ಮೇಲೆ ಒಂಟಿಯಾಗಿ ಬಾಳಿದವರಲ್ಲ. ಅವರೊಡನೆ ಕೋತ, ಬಡಗ, ಕುರುಂಬ ಹಾಗೂ ಇರುಳ ಸಮುದಾಯಗಳೂ ಇದ್ದವು, ಇಂದಿಗೂ ಇವೆ. ಕೋತರು ಕಮ್ಮಾರಿಕೆ, ಕುಂಬಾರಿಕೆ, ಮರಗೆಲಸಗಳಲ್ಲಿ ನಿಪುಣರು. ತೋಡರ ಸಂಸ್ಕಾರಗಳಿಗೆ ವಾದ್ಯ ನುಡಿಸುತ್ತಿದ್ದವರೂ ಅವರೇ. ಕುರುಂಬರು ಜೇನು, ಬಿದಿರು ಮೊದಲಾದ ಕಾಡಿನ ಉತ್ಪನ್ನಗಳನ್ನು ತರುತ್ತಿದ್ದರು. ಬಡಗರು ಬೇಸಾಯಗಾರರು, ಧಾನ್ಯ ಅವರಿಂದ ದೊರೆಯುತ್ತಿತ್ತು. ತೋಡರು ಇವರೆಲ್ಲರಿಗೆ ಬೆಣ್ಣೆ, ತುಪ್ಪ ಹಾಗೂ ಎಮ್ಮೆಗಳನ್ನು ಕೊಡುತ್ತಿದ್ದರು. ನಾಣ್ಯದ ಬಳಕೆ ಹೆಚ್ಚಾಗಿಲ್ಲದ ಈ ಕೊಡುಕೊಳ್ಳುವ ವ್ಯವಸ್ಥೆ ಕುಟುಂಬದಿಂದ ಕುಟುಂಬಕ್ಕೆ, ತಲೆಮಾರಿನಿಂದ ತಲೆಮಾರಿಗೆ ನಡೆದುಬಂದಿತ್ತು.

ಬಡಗರು ಎಂದರೆ ಬಡಗಣದಿಂದ, ಅಂದರೆ ಉತ್ತರದಿಂದ ಬಂದವರು. ವಿಜಯನಗರದ ಪತನದ ನಂತರದ ಕಾಲದಲ್ಲಿ ಮೈಸೂರು ಸೀಮೆಯಿಂದ ಬೆಟ್ಟವೇರಿದವರೆಂಬುದು ಅವರ ಪರಂಪರಾಗತ ನಂಬಿಕೆ. ಅವರ ಮಾತು ಕನ್ನಡಕ್ಕೆ ಅತ್ಯಂತ ನಿಕಟವಾದುದು. ಹೊರಗಿನವರೊಡನೆ ತೋಡರು ಬಹುಕಾಲ ವ್ಯವಹರಿಸಿದುದು ಮುಖ್ಯವಾಗಿ ಈ ಬಡಗ ಭಾಷೆಯ ಮೂಲಕ.

ಮಂದು ಮತ್ತು ಮನೆ

ತೋಡರ ಊರಿಗೆ ಮಂದು ಎಂದು ಹೆಸರು. ಕನ್ನಡದ ಮಂದೆ, ಕೊಡವರ ಮಂದ್ ಎಂಬ ಪದಗಳು ಇದೇ ಮೂಲಕ್ಕೆ ಸೇರಿದವು. ಉದಕಮಂಡಲ ಎಂಬ ಹೆಸರಿನ ಕೊನೆಯ ಭಾಗದಲ್ಲಿ ಅಡಗಿರುವುದೂ ಮಂದು ಎಂಬ ಪದವೇ. ಪ್ರಸ್ಥಭೂಮಿಯ ಮೇಲೆ ಅಲ್ಲಲ್ಲಿ ಚದುರಿದಂತೆ ಅರವತ್ತಕ್ಕೂ ಹೆಚ್ಚು ಮಂದುಗಳಿವೆ. ಒಂದು ಮಂದಿನಲ್ಲಿ ಕೆಲವೇ ಮನೆಗಳು, ಎಮ್ಮೆಗಳ ದೊಡ್ಡಿ, ಹಾಲುಮನೆ ಹಾಗೂ ಸಮೀಪದಲ್ಲಿ ನೀರಿನ ಒರತೆ ಇರುತ್ತವೆ. ಹುಲ್ಲು, ನೀರು ಹಾಗೂ ಶೋಲಾ ಈ ಮೂರೂ ಕೈಗೆಟಕುವ ಜಾಗವನ್ನೇ ಪೂರ್ವಿಕರು ಆರಿಸಿಕೊಂಡಿದ್ದಾರೆ. ಬೇಸಗೆಯಲ್ಲಿ ಹುಲ್ಲು ಒಣಗಿದಾಗ ಪಶ್ಚಿಮದ ತೇವದ ಪ್ರದೇಶಗಳಲ್ಲಿರುವ ಬೇರೆ ಮಂದುಗಳಿಗೆ ಹಿಂಡನ್ನು ಹೊಡೆದುಕೊಂಡು ಹೋಗುವುದು ರೂಢಿ.

ಸಾಂಪ್ರದಾಯಿಕ ಮನೆಯ ಆಕಾರ ಅರ್ಧಕ್ಕೆ ಸೀಳಿದ ಪೀಪಾಯಿಯನ್ನು ಕವುಚಿ ಹಾಕಿದಂತೆ ಇರುತ್ತದೆ. ಬಿದಿರು ಮತ್ತು ಬೆತ್ತವನ್ನು ಕಮಾನಿನಂತೆ ಬಾಗಿಸಿ ಕಟ್ಟಿ, ಮೇಲೆ ಹುಲ್ಲಿನ ದಪ್ಪ ಹೊದಿಕೆ ಹಾಕುತ್ತಾರೆ. ಮುಂದಣ ಹಾಗೂ ಹಿಂದಣ ಗೋಡೆಗಳು ಹಲಗೆಯವು ಅಥವಾ ಕಲ್ಲಿನವು. ಬಾಗಿಲು ಎಷ್ಟು ಚಿಕ್ಕದೆಂದರೆ ದೊಡ್ಡವರು ಅಂಬೆಗಾಲಿಟ್ಟೇ ಒಳಗೆ ಹೋಗಬೇಕು. ಕೊರೆಯುವ ಗಾಳಿ ಹಾಗೂ ಕಾಡುಪ್ರಾಣಿಗಳಿಂದ ಇದು ರಕ್ಷಣೆ ಒದಗಿಸುತ್ತದೆ. ಹೊದಿಕೆಗೆ ಬೇಕಾದ ಹುಲ್ಲು ಜೌಗು ನೆಲದಲ್ಲಿ ಮಾತ್ರ ಬೆಳೆಯುತ್ತದೆ. ಇಂದು ಬಹುಪಾಲು ಕುಟುಂಬಗಳು ಇಟ್ಟಿಗೆ, ಸಿಮೆಂಟಿನ ಮನೆಗಳಲ್ಲಿ ವಾಸಿಸುತ್ತಿವೆ. ಆದರೆ ದೇಗುಲಗಳನ್ನು ಈಗಲೂ ಹಳೆಯ ಕ್ರಮದಲ್ಲಿಯೇ ಕಟ್ಟುತ್ತಾರೆ, ಹೊದಿಕೆಯನ್ನು ಸಾಮೂಹಿಕ ಶ್ರಮದಿಂದ ನವೀಕರಿಸುತ್ತಾರೆ.

ಎಮ್ಮೆ ಮತ್ತು ಹಾಲುಮನೆ

ತೋಡರ ಬದುಕಿನ ಕೇಂದ್ರ ಎಮ್ಮೆ. ತೋಡ ಎಮ್ಮೆಯು ದೇಶದ ಮಾನ್ಯತೆ ಪಡೆದ ಎಮ್ಮೆ ತಳಿಗಳಲ್ಲೊಂದು. ಚಂದ್ರಾಕಾರವಾಗಿ ಬಾಗಿದ ಉದ್ದನೆಯ ಕೊಂಬು, ಗಟ್ಟಿಮುಟ್ಟಾದ ಮೈಕಟ್ಟು, ಕೊಬ್ಬಿನ ಅಂಶ ಹೆಚ್ಚಾಗಿರುವ ಹಾಲು ಇದರ ಲಕ್ಷಣಗಳು. ತೋಡರ ಸೃಷ್ಟಿಕಥೆಯ ಪ್ರಕಾರ ಓನ್ ಎಂಬ ದೇವನು ಭೂಮಿಯೊಳಗಿನಿಂದ ಎಮ್ಮೆಗಳನ್ನು ಹೊರಗೆ ತಂದಾಗ ಕಡೆಯ ಎಮ್ಮೆಯ ಬಾಲವನ್ನು ಹಿಡಿದುಕೊಂಡು ಹೊರಬಂದವನೇ ಮೊದಲನೆಯ ತೋಡ. ಮೊದಲು ಎಮ್ಮೆ, ಅನಂತರ ಮನುಷ್ಯ ಎಂಬ ಈ ಕ್ರಮವೇ ಅವರ ದೃಷ್ಟಿಯನ್ನು ಸೂಚಿಸುತ್ತದೆ. ಪರಂಪರೆಯಿಂದ ಇವರು ಸಸ್ಯಾಹಾರಿಗಳು. ಹಾಲು, ಮಜ್ಜಿಗೆ, ಬೆಣ್ಣೆ, ತುಪ್ಪ ಹಾಗೂ ಧಾನ್ಯ ಇವರ ಆಹಾರ.

ಎಮ್ಮೆಗಳಲ್ಲಿ ಮನೆಬಳಕೆಯವು, ಪವಿತ್ರವಾದವು ಎಂಬ ಭೇದವಿದೆ. ಪವಿತ್ರ ಎಮ್ಮೆಗಳ ಹಾಲನ್ನು ಹಾಲುಮನೆಯಲ್ಲಿ ಮಾತ್ರ, ವ್ರತದಲ್ಲಿರುವ ಅರ್ಚಕ ಮಾತ್ರ ಕರೆದು ಕಡೆಯಬೇಕು. ಹಾಲುಮನೆಗಳಲ್ಲಿ ಹಲವು ದರ್ಜೆಗಳಿವೆ; ದರ್ಜೆ ಏರಿದಂತೆ ಅರ್ಚಕನ ನಿಯಮಗಳು ಕಠಿಣವಾಗುತ್ತವೆ. ಅತ್ಯುನ್ನತ ದರ್ಜೆಯ ಅರ್ಚಕನನ್ನು ಪಾಲೋಲ್ ಎನ್ನುತ್ತಿದ್ದರು. ‘ಪಾಲ್’ ಎಂದರೆ ಹಾಲು, ‘ಓಲ್’ ಎಂದರೆ ಆಳು, ಮನುಷ್ಯ. ಕನ್ನಡಿಗರ ಕಿವಿಗೆ ಈ ಪದ ಅಪರಿಚಿತವೆನಿಸದು. ಆ ಉನ್ನತ ಹುದ್ದೆ ಈಗ ಲುಪ್ತವಾಗಿದೆ. ಇತರ ದರ್ಜೆಯ ಹಾಲುಮನೆಗಳು ಕೆಲವೆಡೆ ಇನ್ನೂ ಜೀವಂತವಾಗಿವೆ. ಊಟಿಯ ಸಮೀಪದ ಮುತ್ತನಾಡು ಮಂದಿನಲ್ಲಿ ಶಂಕುವಿನ ಆಕಾರದ, ಎತ್ತರವಾದ ಹುಲ್ಲಿನ ಮಾಡಿನ ಅಪರೂಪದ ದೇಗುಲವೊಂದಿದೆ.

ಸತ್ತವರು ಪಶ್ಚಿಮದಲ್ಲಿರುವ ಲೋಕಕ್ಕೆ ತೆರಳುತ್ತಾರೆಂಬುದು ತೋಡರ ನಂಬಿಕೆ. ಆ ಲೋಕಕ್ಕೂ ಎಮ್ಮೆ ಜೊತೆಗೆ ಬರಬೇಕು. ಆದಕಾರಣ ಅಂತ್ಯಸಂಸ್ಕಾರದಲ್ಲಿ ಎಮ್ಮೆಯನ್ನು ಅರ್ಪಿಸುವ ಪದ್ಧತಿ ಬೆಳೆದುಬಂದಿತು.

ಸಾಮಾಜಿಕ ವ್ಯವಸ್ಥೆ

ತೋಡರಲ್ಲಿ ಎರಡು ಮುಖ್ಯ ವಿಭಾಗಗಳೂ ಪ್ರತಿಯೊಂದರಲ್ಲಿ ಹಲವು ಕುಲಗಳೂ ಇವೆ. ವಿವಾಹ ಸ್ವಂತ ವಿಭಾಗದೊಳಗೆ, ಆದರೆ ಬೇರೆ ಕುಲದೊಡನೆ ನಡೆಯುತ್ತದೆ. ಅಣ್ಣತಮ್ಮಂದಿರೆಲ್ಲ ಒಬ್ಬಳನ್ನೇ ಮದುವೆಯಾಗುವ ಪದ್ಧತಿ ಹಿಂದೆ ಪ್ರಚಲಿತವಾಗಿತ್ತು. ಗರ್ಭಿಣಿಯಾದ ಪತ್ನಿಗೆ ಪತಿಯು ಬಿಲ್ಲು ಬಾಣಗಳ ಸಂಕೇತವನ್ನು ನೀಡುವ ಶಾಸ್ತ್ರದಿಂದ ಹುಟ್ಟುವ ಮಗುವಿನ ಪಿತೃತ್ವ ನಿರ್ಧಾರವಾಗುತ್ತಿತ್ತು. ಬಹುಪತಿತ್ವ ಈಗ ಅಳಿದಿದೆ. ಬಿಲ್ಲು ಕೊಡುವ ಶಾಸ್ತ್ರ ಮಾತ್ರ ಇಂದಿಗೂ ನಡೆಯುತ್ತದೆ. 1901-02ರಲ್ಲಿ ಇಲ್ಲಿ ಅಧ್ಯಯನ ನಡೆಸಿದ ಬ್ರಿಟಿಷ್ ವಿದ್ವಾಂಸ ಡಬ್ಲ್ಯೂ.ಎಚ್.ಆರ್. ರಿವರ್ಸ್ ಅವರು ಪ್ರತಿಯೊಂದು ಕುಟುಂಬದ ವಂಶಾವಳಿಯನ್ನು ಬರೆದುಕೊಂಡು, 1906ರಲ್ಲಿ ‘ದಿ ತೋಡಾಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಮಾನವಶಾಸ್ತ್ರದಲ್ಲಿ ವಂಶಾವಳಿ ವಿಧಾನಕ್ಕೆ ಆ ಕೃತಿ ಮಾದರಿಯಾಯಿತು.

ಬ್ರಿಟಿಷರ ಆಗಮನ

ಟಿಪ್ಪು ಸುಲ್ತಾನನ ಮರಣಾನಂತರ 1799ರಲ್ಲಿ ನೀಲಗಿರಿ ಈಸ್ಟ್ ಇಂಡಿಯಾ ಕಂಪನಿಯ ಅಧೀನವಾಯಿತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟವೇರಿದನು. ಅಲ್ಲಿನ ತಂಪು ಹವೆಗೆ ಮಾರುಹೋಗಿ ತೋಡರಿಂದ ಭೂಮಿ ಪಡೆದು ಕಲ್ಲಿನ ಮನೆಯನ್ನು ಕಟ್ಟಿದನು. ಎಕರೆಗೆ ಒಂದು ರೂಪಾಯಿಯಂತೆ ಈ ಭೂಮಿ ಕೈಬದಲಾಯಿತೆಂದು ಪ್ರತೀತಿ. ಮುಂದಿನ ಕೆಲವೇ ದಶಕಗಳಲ್ಲಿ ಮಂದು ಇದ್ದ ಜಾಗದಲ್ಲಿ ಪಟ್ಟಣ ಬೆಳೆಯಿತು. ಊಟಿ ಮದ್ರಾಸ್ ಪ್ರಾಂತ್ಯದ ಬೇಸಗೆಯ ರಾಜಧಾನಿಯಾಯಿತು.

ಭೂಮಿಯ ಒಡೆತನದ ಬಗ್ಗೆ ತೋಡರ ಭಾವನೆಗೂ ಹೊಸ ಆಡಳಿತದ ಭಾವನೆಗೂ ಅಜಗಜಾಂತರವಿತ್ತು. ತೋಡರಿಗೆ ಪ್ರತಿ ಗುಡ್ಡಕ್ಕೂ ಒರತೆಗೂ ಹೆಸರಿತ್ತು, ದೈವವಿತ್ತು, ಕುಲದ ಹಕ್ಕಿತ್ತು, ಕಾಗದ ಪತ್ರವಿರಲಿಲ್ಲ. ಕಂದಾಯದ ಲೆಕ್ಕದಲ್ಲಿ ಬೇಸಾಯವಿಲ್ಲದ ಹುಲ್ಲುಗಾವಲು ಪಾಳುಭೂಮಿ. ಮಂದುಗಳ ಸುತ್ತಲಿನ ಸೀಮಿತ ಭೂಮಿಗೆ ಮಾತ್ರ ಪಟ್ಟಾ ದೊರೆಯಿತು. ಉಳಿದದ್ದು ಕಾಫಿ, ಚಹಾ ತೋಟಗಳಿಗೆ, ಆಲೂಗಡ್ಡೆಯ ಹೊಲಗಳಿಗೆ ಹಾಗೂ ಮೀಸಲು ಅರಣ್ಯಕ್ಕೆ ಸೇರಿತು.

ಜನಸಂಖ್ಯೆಯ ಕುಸಿತ ಮತ್ತು ಚೇತರಿಕೆ

ಹೊಸ ಪಟ್ಟಣದೊಡನೆ ಹೊಸ ರೋಗಗಳೂ ಬಂದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಮಾರು ಎಂಟುನೂರರಷ್ಟಿದ್ದ ತೋಡರ ಸಂಖ್ಯೆ ಆ ಶತಮಾನದ ಮಧ್ಯಭಾಗದ ವೇಳೆಗೆ ಇನ್ನೂ ಇಳಿಯಿತು. ಲೈಂಗಿಕ ರೋಗಗಳಿಂದ ಉಂಟಾದ ಬಂಜೆತನ ಇದಕ್ಕೆ ಪ್ರಮುಖ ಕಾರಣವಾಗಿತ್ತು. ಹಿಂದಿನ ಕಾಲದಲ್ಲಿದ್ದ ಹೆಣ್ಣು ಶಿಶುಹತ್ಯೆಯಿಂದ ಸ್ತ್ರೀಯರ ಸಂಖ್ಯೆ ಮೊದಲೇ ಕಡಿಮೆಯಾಗಿತ್ತು. ಈ ಸಮುದಾಯ ಸಂಪೂರ್ಣ ನಶಿಸುವುದೆಂದು ಹಲವರು ಬರೆದರು.

ಆದರೆ ಹಾಗಾಗಲಿಲ್ಲ. ಸ್ವಾತಂತ್ರ್ಯಾನಂತರ ತೋಡರನ್ನು ಪರಿಶಿಷ್ಟ ಬುಡಕಟ್ಟುಗಳ ಪಟ್ಟಿಗೆ ಸೇರಿಸಲಾಯಿತು. 1950ರ ದಶಕದಿಂದ ಮಂದುಗಳಿಗೇ ತೆರಳಿ ಚಿಕಿತ್ಸೆ ನೀಡುವ ಆರೋಗ್ಯ ಸೇವೆ ಆರಂಭವಾಯಿತು. ತೋಡ ಸಮುದಾಯದಲ್ಲಿಯೇ ಹುಟ್ಟಿ, ದಾದಿಯ ತರಬೇತಿ ಪಡೆದ ಮಹಿಳೆಯೊಬ್ಬರು ಈ ಕಾರ್ಯದಲ್ಲಿ ಮಹತ್ತರ ಪಾತ್ರ ವಹಿಸಿದರು. ಹೊರಗಿನ ವೈದ್ಯರನ್ನು ಕಂಡರೆ ಹಿಂಜರಿಯುತ್ತಿದ್ದ ಸ್ತ್ರೀಯರು ತಮ್ಮ ಭಾಷೆಯನ್ನಾಡುವ ದಾದಿಯ ಮಾತನ್ನು ನಂಬಿದರು. ಪೆನಿಸಿಲಿನ್ ಹಾಗೂ ಹೆರಿಗೆಯ ಆರೈಕೆ ಎರಡೂ ಕೂಡಿ ಫಲ ನೀಡಿದವು. ಸಂಖ್ಯೆ ಕ್ರಮೇಣ ಏರತೊಡಗಿ, 2011ರ ವೇಳೆಗೆ ಎರಡು ಸಾವಿರವನ್ನು ಮುಟ್ಟಿತು. ಅತಿ ಚಿಕ್ಕ ಸಮುದಾಯವೊಂದನ್ನು ಸಕಾಲದ ವೈದ್ಯಕೀಯ ನೆರವು ಹೇಗೆ ಉಳಿಸಬಲ್ಲುದು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಹುಲ್ಲುಗಾವಲಿನ ಪ್ರಶ್ನೆ

ಜನರು ಉಳಿದರು, ಅವರ ನೆಲ ಮಾತ್ರ ಕುಗ್ಗುತ್ತ ಬಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ನೀಲಗಿರಿ ಮರ, ವ್ಯಾಟಲ್ ಮರಗಳನ್ನು ಉರುವಲಿಗೆಂದು ತರಲಾಯಿತು. ಕನ್ನಡಿಗರು ನೀಲಗಿರಿ ಎಂದೇ ಕರೆಯುವ ಮರ ಆ ಬೆಟ್ಟದ ಮೂಲ ಮರವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಸ್ವಾತಂತ್ರ್ಯಾನಂತರ ಕೈಗಾರಿಕೆಗಳ ಕಚ್ಚಾಸಾಮಗ್ರಿಗಾಗಿ ಈ ಮರಗಳನ್ನು ವಿಸ್ತಾರವಾದ ಹುಲ್ಲುಗಾವಲುಗಳಲ್ಲಿ ನೆಡಲಾಯಿತು. ಪೈಕಾರ ಯೋಜನೆ ಹಾಗೂ 1950ರ ದಶಕದಲ್ಲಿ ಕೆನಡಾದ ನೆರವಿನಿಂದ ಆರಂಭವಾದ ಕುಂದಾ ಜಲವಿದ್ಯುತ್ ಯೋಜನೆ ಬಯಲಿಗೆ ಬೆಳಕು ನೀಡಿದವು. ಜೊತೆಗೆ ಕೆಲವು ಕಣಿವೆಗಳ ಮೇವಿನ ನೆಲ ಜಲಾಶಯಗಳ ಪಾಲಾಯಿತು.

ವ್ಯಾಟಲ್ ಮರದ ಸ್ವಭಾವವೇ ಸಮಸ್ಯೆಯ ಮೂಲ. ಇದರ ಬೀಜ ಮಣ್ಣಿನಲ್ಲಿ ಬಹುಕಾಲ ಜೀವಂತವಾಗಿರುತ್ತದೆ. ಮರವನ್ನು ಕಡಿದರೂ ಸುಟ್ಟರೂ ಮತ್ತೆ ದಟ್ಟವಾಗಿ ಮೊಳೆಯುತ್ತದೆ. ಹಿಮವನ್ನು ತಾಳಬಲ್ಲುದಾದುದರಿಂದ ಶೋಲಾ ಸಸಿಗಳು ಬೆಳೆಯಲಾಗದ ಬಯಲಿನಲ್ಲಿಯೂ ಇದು ಹಬ್ಬುತ್ತದೆ. ಅದರ ಕೆಳಗೆ ಎಮ್ಮೆ ಮೇಯುವ ಹುಲ್ಲು ಬೆಳೆಯದು. ಒಂದು ಹುಲ್ಲುಗಾವಲು ಹೋದರೆ ಎಮ್ಮೆಗಳ ಸಂಖ್ಯೆ ಇಳಿಯುತ್ತದೆ. ಎಮ್ಮೆ ಇಳಿದರೆ ಹಾಲುಮನೆಯ ದೀಪ ಆರುತ್ತದೆ. ಜೌಗು ಬತ್ತಿದರೆ ದೇಗುಲದ ಮಾಡಿಗೆ ಹೊದಿಸಲು ಹುಲ್ಲು ಸಿಗದು. ಹೀಗೆ ಸಸ್ಯಶಾಸ್ತ್ರದ ಸಂಗತಿಯೊಂದು ಸಮುದಾಯದ ಧರ್ಮದ ಸಂಗತಿಯಾಗಿ ಪರಿಣಮಿಸುತ್ತದೆ.

ಈ ಅರಿವು ಈಗ ಆಡಳಿತದಲ್ಲಿಯೂ ಮೂಡಿದೆ. 1986ರಲ್ಲಿ ನೀಲಗಿರಿ ದೇಶದ ಪ್ರಥಮ ಜೀವಗೋಳ ಮೀಸಲು ಪ್ರದೇಶವಾಯಿತು. 1990ರಲ್ಲಿ ಮುಕುರ್ತಿ ರಾಷ್ಟ್ರೀಯ ಉದ್ಯಾನವೆನಿಸಿ, ನೀಲಗಿರಿ ವರಯಾಡುಗಳ ಆಶ್ರಯತಾಣವಾಗಿದೆ. ವಿದೇಶಿ ಮರಗಳನ್ನು ತೆಗೆದು ಹುಲ್ಲನ್ನೂ ಶೋಲಾ ಸಸಿಗಳನ್ನೂ ಮರಳಿ ಬೆಳೆಸುವ ಯತ್ನಗಳು ನಡೆದಿವೆ. ಆಕ್ರಮಣಕಾರಿ ಸಸ್ಯಗಳ ನಿವಾರಣೆಗಾಗಿ ತಮಿಳುನಾಡು ಸರ್ಕಾರ 2022ರಲ್ಲಿ ನೀತಿಯೊಂದನ್ನು ರೂಪಿಸಿದೆ. ಈ ಕಾರ್ಯದಲ್ಲಿ ಯಾವ ತಗ್ಗಿನಲ್ಲಿ ಯಾವ ಹುಲ್ಲಿತ್ತು, ಯಾವ ಒರತೆ ಎಲ್ಲಿ ಹರಿಯುತ್ತಿತ್ತು ಎಂಬ ತೋಡ ಹಿರಿಯರ ನೆನಪು ಅಮೂಲ್ಯವಾದುದು.

ಭಾಷೆ, ಹಾಡು, ಕಸೂತಿ

ತೋಡ ಭಾಷೆ ದಕ್ಷಿಣ ದ್ರಾವಿಡ ವರ್ಗಕ್ಕೆ ಸೇರಿದುದು. ಕೋತ ಭಾಷೆ ಇದಕ್ಕೆ ಅತಿ ಹತ್ತಿರದ ಬಂಧು. ದ್ರಾವಿಡ ಭಾಷೆಗಳಲ್ಲಿ ಬೇರೆಲ್ಲಿಯೂ ಕಾಣದಷ್ಟು ಬಗೆಯ ಘರ್ಷ ಧ್ವನಿಗಳೂ ಹಲವು ಬಗೆಯ ರಕಾರಗಳೂ ಇದರಲ್ಲಿವೆ. ಭಾಷಾವಿಜ್ಞಾನಿ ಎಂ.ಬಿ. ಎಮನೊ ಅವರು 1930ರ ದಶಕದಲ್ಲಿ ಸಂಗ್ರಹಿಸಿದ ಹಾಡುಗಳು 1971ರಲ್ಲಿ ಗ್ರಂಥರೂಪದಲ್ಲಿ ಬಂದವು; ಅವರ ವ್ಯಾಕರಣ ಗ್ರಂಥ 1984ರಲ್ಲಿ ಪ್ರಕಟವಾಯಿತು. ಜೋಡಿ ಜೋಡಿಯಾಗಿ ಬರುವ ಸಿದ್ಧ ನುಡಿಗಟ್ಟುಗಳಿಂದ ಯಾವ ಸಂದರ್ಭಕ್ಕಾದರೂ ಆಶುವಾಗಿ ಹಾಡು ಕಟ್ಟುವುದು ತೋಡರ ಕಾವ್ಯಪದ್ಧತಿ. ಶಾಲೆಯಲ್ಲಿ ಮಕ್ಕಳು ತಮಿಳು, ಇಂಗ್ಲಿಷುಗಳನ್ನು ಕಲಿಯುತ್ತಾರೆ. ತಾಯ್ನುಡಿ ಮನೆಯ ಮಾತಾಗಿ ಉಳಿಯುವುದೇ ಎಂಬುದು ಹಿರಿಯರ ಚಿಂತೆ.

ತೋಡ ಸ್ತ್ರೀಯರ ಕಸೂತಿ ದೇಶವಿದೇಶಗಳಲ್ಲಿ ಪ್ರಸಿದ್ಧ. ಒರಟಾದ ಬಿಳಿಯ ಹತ್ತಿಬಟ್ಟೆಯ ಮೇಲೆ ಕೆಂಪು, ಕಪ್ಪು ದಾರಗಳಿಂದ ಇದನ್ನು ಹೆಣೆಯುತ್ತಾರೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ನೂಲಿನ ಎಳೆಗಳನ್ನು ಎಣಿಸಿಯೇ ವಿನ್ಯಾಸ ಮೂಡಿಸುತ್ತಾರೆ. ಇಂಥ ಕಸೂತಿಯಿರುವ ಪುತ್ತುಕುಳಿ ಎಂಬ ಹೊದಿಕೆಯನ್ನು ಸ್ತ್ರೀಪುರುಷರಿಬ್ಬರೂ ಹಬ್ಬಹರಿದಿನಗಳಲ್ಲಿ ಹೊದೆಯುತ್ತಾರೆ. 2013ರಲ್ಲಿ ತೋಡ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇದರಿಂದ ಹೆಸರಿಗೆ ಕಾನೂನಿನ ರಕ್ಷಣೆ ಲಭಿಸಿದೆ. ಯಂತ್ರದ ಅನುಕರಣೆಗಳನ್ನು ಕೊಳ್ಳದಿರುವುದು ಗ್ರಾಹಕರ ಹೊಣೆ.

ಹಕ್ಕುಗಳು ಮತ್ತು ನಮ್ಮ ಕರ್ತವ್ಯ

ತೋಡರು ಇಂದು ವಿಶೇಷವಾಗಿ ದುರ್ಬಲವಾದ ಬುಡಕಟ್ಟು ಗುಂಪುಗಳಲ್ಲಿ ಸೇರಿದ್ದಾರೆ. ದೇಶದಲ್ಲಿ ಇಂಥ 75 ಗುಂಪುಗಳಿವೆ. ಇವರಿಗಾಗಿ ವಸತಿ, ಕುಡಿಯುವ ನೀರು, ರಸ್ತೆ, ಆರೋಗ್ಯ ಮೊದಲಾದ ಸೌಲಭ್ಯಗಳನ್ನು ಒಗ್ಗೂಡಿಸುವ ಪ್ರಧಾನಮಂತ್ರಿ ಜನಮನ್ ಕಾರ್ಯಕ್ರಮವನ್ನು 2023ರ ನವೆಂಬರಿನಲ್ಲಿ ಆರಂಭಿಸಲಾಯಿತು. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಪರಂಪರೆಯಿಂದ ಬಳಸುತ್ತ ಬಂದ ಮೇವಿನ ನೆಲ, ನೀರು ಹಾಗೂ ಪವಿತ್ರ ಸ್ಥಳಗಳ ಮೇಲೆ ಸಮುದಾಯದ ಹಕ್ಕನ್ನು ಗ್ರಾಮಸಭೆಯ ಮೂಲಕ ಮಂಡಿಸಲು ಅವಕಾಶ ಕಲ್ಪಿಸಿದೆ. ಮನೆ ಕಟ್ಟಿಕೊಡುವುದಷ್ಟೇ ಸಾಲದು, ಮನೆಯ ಮುಂದಣ ಹುಲ್ಲೂ ಉಳಿಯಬೇಕು ಎಂಬ ತೋಡರ ಬೇಡಿಕೆಗೆ ಈ ಕಾಯಿದೆಯೇ ಆಧಾರ.

ಊಟಿಗೆ ತೆರಳುವ ಓದುಗರು ಕೆಲವು ವಿಷಯಗಳನ್ನು ನೆನಪಿನಲ್ಲಿಡುವುದು ಒಳಿತು. ಮಂದು ಪ್ರದರ್ಶನದ ವಸ್ತುವಲ್ಲ. ಜನರು ವಾಸಿಸುವ ಊರು. ಅನುಮತಿ ಪಡೆಯದೆ ಒಳಗೆ ಹೋಗುವುದಾಗಲಿ ಛಾಯಾಚಿತ್ರ ತೆಗೆಯುವುದಾಗಲಿ ಸಲ್ಲದು. ದೇಗುಲದ ಸುತ್ತಲಿನ ಕಲ್ಲಿನ ಗೋಡೆಯನ್ನು ದಾಟಬಾರದು. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಹುಲ್ಲುಗಾವಲಿನಲ್ಲಿ ಪ್ಲಾಸ್ಟಿಕ್ ಬಿಸಾಡಿದರೆ ಅದು ಮೇಯುವ ಎಮ್ಮೆಯ ಹೊಟ್ಟೆ ಸೇರುತ್ತದೆ.

ಹನ್ನೆರಡನೆಯ ಶತಮಾನದ ಕನ್ನಡ ಶಾಸನ ತೋಡರನ್ನು ಸೋತವರ ಸಾಲಿನಲ್ಲಿ ಹೆಸರಿಸಿತು. ಅವರನ್ನು ಬೆದರಿಸಿದ ದಂಡನಾಯಕನ ರಾಜ್ಯ ಉಳಿಯಲಿಲ್ಲ. ಎಮ್ಮೆಗಳ ಹಿಂದೆ ನಡೆದ ಈ ಜನ ಉಳಿದರು. ಒಂಬೈನೂರು ವರ್ಷ ಅವರನ್ನು ಉಳಿಸಿದ ಹುಲ್ಲು ಮುಂದೆಯೂ ಚಿಗುರುವಂತೆ ನೋಡಿಕೊಳ್ಳುವ ಕೆಲಸ ಮಾತ್ರ ಅವರೊಬ್ಬರಿಂದಲೇ ಆಗತಕ್ಕದ್ದಲ್ಲ. ಅದರಲ್ಲಿ ಸರ್ಕಾರಕ್ಕೂ, ಆ ಬೆಟ್ಟದಿಂದ ಇಳಿದುಬರುವ ನೀರನ್ನು ಕುಡಿಯುವ ಬಯಲಿನವರೆಲ್ಲರಿಗೂ ಪಾಲಿದೆ.